ಆಡದೆಯೇ ಗೆದ್ದ ಹುಡುಗಿಯರು

ಎರಡು ವರ್ಷದ ಹಿಂದೆ ನಾನೊಂದು ಸುಳ್ಳು ವರದಿ ಕಳಿಸಿದೆ. ಅದರಲ್ಲಿದ್ದ ಅಕ್ಷರವೆಲ್ಲ ನಿಜ, ಆದರೂ ಸುಳ್ಳು. ಶಾಲಾ ಮಕ್ಕಳ ತಾಲೂಕು ಮಟ್ಟದ ಫುಟ್ಬಾಲ್ ಪಂದ್ಯಾಟ, ಬಾಲಕಿಯರ ವಿಭಾಗ. 'ಪ್ರಥಮ ಸ್ಥಾನ ಪಡೆದು ಜಿಲ್ಲಾ ಮಟ್ಟಕ್ಕೆ ಆಯ್ಕೆ' ಎಂದು ಬರೆದು, ಹುಡುಗಿಯರು ಸಾಲಾಗಿ ನಿಂತ ಫೋಟೊ ಸೇರಿಸಿ ಕಳಿಸಿದೆ. ಮರುದಿನ ಒಳಪುಟದಲ್ಲಿ ಬಂತು. ನಾನು ಬರೆಯದೆ ಬಿಟ್ಟದ್ದು ಇಷ್ಟೇ: ಅಲ್ಲಿಗೆ ಬಂದದ್ದು ಒಂದೇ ತಂಡ. ಪಂದ್ಯ ನಡೆಯಲೇ ಇಲ್ಲ.

ಮಳೆ ಹನಿಯುತ್ತಿತ್ತು. ಹುಡುಗಿಯರು ಬೆಳಿಗ್ಗೆ ಒಂಬತ್ತಕ್ಕೇ ಬಂದು ಜೆರ್ಸಿ ಹಾಕಿ ಕೂತಿದ್ದರು. ಜೆರ್ಸಿಯೂ ಅವರದ್ದಲ್ಲ, ಹುಡುಗರ ವಾಲಿಬಾಲ್ ತಂಡದ್ದು, ತೋಳು ಮೊಣಕೈ ದಾಟಿ ಇಳಿದಿತ್ತು. ಹನ್ನೊಂದೂವರೆಗೆ ಮೈಕಿನಲ್ಲಿ ಘೋಷಣೆ ಆಯಿತು, ಪ್ರಮಾಣಪತ್ರವೂ ಕೈಗೆ ಬಂತು. ಫೋಟೊ ತೆಗೆಯುವಾಗ ಒಬ್ಬಳು ಕೇಳಿದಳು, "ಸರ್, ಆಡದೆ ಗೆದ್ದದ್ದು ಗೆದ್ದದ್ದಾ?" ನಾನು ನಕ್ಕುಬಿಟ್ಟೆ. ಆ ನಗುವಿಗೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಜಿಲ್ಲಾ ಮಟ್ಟದಲ್ಲಿ ಅವರಿಗೆ ಎಷ್ಟು ಗೋಲು ಬಿತ್ತೆಂದು ಕೇಳಬೇಡಿ. ಅಭ್ಯಾಸ ಪಂದ್ಯ ಒಂದನ್ನೂ ಆಡದ ತಂಡಕ್ಕೆ ಎಷ್ಟು ಬೀಳಬೇಕೋ ಅಷ್ಟು ಬಿತ್ತು. ಮರಳಿ ಬಂದ ಮೇಲೆ ಊರಿನವರು ಹೇಳಿದ್ದು ನಿಮಗೂ ಗೊತ್ತಿರುವ ಮಾತೇ: "ಹೆಣ್ಮಕ್ಕಳಿಗೆ ಅದೆಲ್ಲ ಎಂತಕ್ಕೆ ಮಾರಾಯ್ರೆ, ತ್ರೋಬಾಲ್ ಸಾಲದಾ?"

ಈ ಮಾತಿನ ಮೇಲೆಯೇ ನನ್ನ ಜಗಳ. ಅದಕ್ಕೆ ಮೊದಲು ಒಂದು ಲೆಕ್ಕ.

2011ರ ಜನಗಣತಿಯಲ್ಲಿ ಪುತ್ತೂರು ತಾಲೂಕಿನ ಜನಸಂಖ್ಯೆ 2,87,851. ಸುಳ್ಯದ್ದು 1,45,226. ಕಡಬ ಆಗಿನ್ನೂ ತಾಲೂಕಾಗಿರಲಿಲ್ಲ, ಈ ಲೆಕ್ಕದ ಒಳಗೇ ಇತ್ತು. ಒಟ್ಟು 4,33,077. ಈಗ ಐಸ್‌ಲ್ಯಾಂಡ್ ಎಂಬ ದೇಶವನ್ನು ನೋಡಿ. ಯುರೋಪಿನ ವಾಯವ್ಯ ಮೂಲೆಯ ಕಡಲಲ್ಲಿ, ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ವಿಸ್ತಾರದ ನೆಲ. ಬಹುಪಾಲು ಲಾವಾ ಮತ್ತು ಹಿಮ. ಅಲ್ಲಿನ ಜನಸಂಖ್ಯೆ ಇವತ್ತಿಗೂ ನಾಲ್ಕು ಲಕ್ಷ ಮುಟ್ಟಿಲ್ಲ. ನಮ್ಮ ಮೂರು ತಾಲೂಕಿನಷ್ಟು ಜನವಿಲ್ಲದ ಆ ದೇಶದ ಮಹಿಳಾ ಫುಟ್ಬಾಲ್ ತಂಡ 2009, 2013, 2017, 2022, 2025 ಹೀಗೆ ಸತತ ಐದು ಸಲ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಮುಖ್ಯ ಸುತ್ತಿಗೆ ಹೋಗಿದೆ. 2013ರಲ್ಲಿ ಕ್ವಾರ್ಟರ್ ಫೈನಲ್ ತಲುಪಿತು. 2022ರಲ್ಲಿ ಬೆಲ್ಜಿಯಂ, ಇಟಲಿ, ಫ್ರಾನ್ಸ್ ಮೂರರ ಜತೆಯೂ 1-1 ಡ್ರಾ, ಒಂದೂ ಸೋಲದೆ ಹೊರಬಿತ್ತು. 2024ರ ಜುಲೈಯಲ್ಲಿ ರಾಜಧಾನಿ ರೇಕ್ಯಾವಿಕ್‌ನಲ್ಲಿ ಜರ್ಮನಿಗೆ 3-0 ಹೊಡೆಯಿತು. ಎಂಟು ಕೋಟಿ ಜನರ, ಎರಡು ಸಲ ವಿಶ್ವಕಪ್ ಗೆದ್ದ ಜರ್ಮನಿ.

ಇದನ್ನು ನಾನು ಒಂದು ಸಭೆಯಲ್ಲಿ ಹೇಳಿದೆ. ವೇದಿಕೆಯಲ್ಲಿದ್ದ ಹಿರಿಯರೊಬ್ಬರು ನಕ್ಕು ಅಂದರು, "ಅವರು ಬಿಳಿಯರು, ದುಡ್ಡಿನವರು, ನಮ್ಮಲ್ಲಿ ಎಂತ ಉಂಟು?" ಸರಿ, ಅವರು ಶ್ರೀಮಂತರೆಂಬುದನ್ನು ಒಪ್ಪುತ್ತೇನೆ. ನಮ್ಮ ಅಡಿಕೆಗೆ ಎಲೆಚುಕ್ಕಿ, ಸಂಪಾಜೆ ಕಡೆಗೆ ಹಳದಿ ರೋಗ, ಬೀಡಿ ಕಟ್ಟಿ ಮನೆ ನಡೆಸುವ ಅಮ್ಮಂದಿರು. ಅವರ ಜತೆ ನಮ್ಮನ್ನು ತೂಗುವುದು ಅನ್ಯಾಯವೇ. ಆದರೆ ದುಡ್ಡೊಂದರಿಂದಲೇ ಆಗುವುದಾದರೆ ಶ್ರೀಮಂತ ದೇಶಗಳ ಹೆಣ್ಣುಮಕ್ಕಳೆಲ್ಲ ಹೀಗೆ ಆಡಬೇಕಿತ್ತಲ್ಲ? ಕೊಲ್ಲಿಯ ದೇಶಗಳಲ್ಲಿ ದುಡ್ಡಿಲ್ಲವೇ? ಅಲ್ಲಿಗೆ ದುಡಿಯಲು ಹೋದವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ, ಕೇಳಿ ನೋಡಿ.

ಐಸ್‌ಲ್ಯಾಂಡಿನಲ್ಲೂ ಇದು ಆಕಾಶದಿಂದ ಉದುರಿದ್ದಲ್ಲ. ಅವರ ಮಹಿಳೆಯರು ಮೊದಲ ಅಂತಾರಾಷ್ಟ್ರೀಯ ಪಂದ್ಯ ಆಡಿದ್ದು 1981ರಲ್ಲಿ, ಸ್ಕಾಟ್ಲೆಂಡ್ ವಿರುದ್ಧ. 3-2ರಿಂದ ಸೋತರು. ಆ ದಶಕದ ಕೊನೆಗೆ ಅವರ ಫುಟ್ಬಾಲ್ ಸಂಸ್ಥೆ ಮಹಿಳಾ ತಂಡವನ್ನು ಮಡಚಿ ಮೂಲೆಗಿಟ್ಟಿತು. ಕೆಲವು ವರ್ಷ ತಂಡವೇ ಇರಲಿಲ್ಲ. ಹೆಂಗಸರ ಆಟಕ್ಕೆ ಯಾಕೆ ಖರ್ಚು ಎಂಬ ಮಾತು ಆ ಚಳಿಯ ಊರಲ್ಲೂ ಇತ್ತು. ಅದನ್ನು ಮುರಿಯುವಷ್ಟು ಹಟದ ಹೆಂಗಸರೂ ಇದ್ದರು. 1975ರ ಅಕ್ಟೋಬರ್ 24ರಂದು ಆ ದೇಶದ ಹೆಂಗಸರಲ್ಲಿ ಶೇ. 90ರಷ್ಟು ಮಂದಿ ಕಚೇರಿ ಕೆಲಸ, ಅಡುಗೆ, ಮಗು ನೋಡಿಕೊಳ್ಳುವುದು ಎಲ್ಲ ಬಿಟ್ಟು ಬೀದಿಗೆ ಬಂದಿದ್ದರು. ಐದು ವರ್ಷದ ನಂತರ ವಿಗ್ಡಿಸ್ ಫಿನ್‌ಬೊಗಡೋಟಿರ್ ಅಲ್ಲಿನ ರಾಷ್ಟ್ರಾಧ್ಯಕ್ಷೆಯಾದರು. ಅಂಥ ಮನೆಗಳಲ್ಲಿ ಬೆಳೆದ ಹುಡುಗಿಯರ ಕಾಲಿಗೆ ಚೆಂಡು ಬಂತು.

ಬಂದ ಮೇಲೆ ಏನು ಮಾಡಿದರು ಎನ್ನುವುದು ನಮಗೆ ಹೆಚ್ಚು ಉಪಯೋಗದ ಸಂಗತಿ. ಚಳಿಗಾಲದಲ್ಲಿ ಅಲ್ಲಿ ಹಗಲೇ ನಾಲ್ಕೈದು ಗಂಟೆ, ಮೇಲೆ ಹಿಮ, ಗಾಳಿ. ಅದಕ್ಕೆ ಸೂರಿನ ಒಳಗೇ ಫುಟ್ಬಾಲ್ ಆಡುವ ದೊಡ್ಡ ಕಟ್ಟಡಗಳನ್ನು ಊರಾಡಳಿತಗಳೇ ಕಟ್ಟಿದವು. ಶಾಲೆಗಳ ಬದಿಯಲ್ಲಿ ಕೃತಕ ಹುಲ್ಲಿನ ಪುಟ್ಟ ಅಂಕಣಗಳನ್ನು ಹಾಕಿದರು. ಅಂಥವು ದೇಶದಲ್ಲಿ ನೂರಕ್ಕೂ ಹೆಚ್ಚಿವೆ. ಬೀಗವಿಲ್ಲ, ಯಾವ ಮಗುವೂ ಹೋಗಿ ಆಡಬಹುದು. ಚಿಕ್ಕ ಮಕ್ಕಳಿಗೆ ಕಲಿಸುವವರೂ ತರಬೇತಿ ಪಡೆದು ಪರವಾನಗಿ ಇರುವ, ಸಂಬಳ ಪಡೆಯುವ ಕೋಚ್‌ಗಳು. ಕ್ಲಬ್ಬಿನಲ್ಲಿ ಹುಡುಗ ಹುಡುಗಿ ಇಬ್ಬರಿಗೂ ಜಾಗ. 2018ರಿಂದ ರಾಷ್ಟ್ರೀಯ ತಂಡದ ಗಂಡಸರಿಗೆ ಕೊಡುವ ಬೋನಸ್ಸೇ ಹೆಂಗಸರಿಗೂ.

ನಮ್ಮಲ್ಲಿ ಹಿಮವಿಲ್ಲ, ಮಳೆ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರುಗದ್ದೆ. ಸರಕಾರಿ ಶಾಲೆಗಳ ಕ್ರೀಡಾಕೂಟ ಬರುವುದೂ ಸರಿಯಾಗಿ ಆ ತಿಂಗಳುಗಳಲ್ಲೇ! ಗುಡ್ಡ ತಗ್ಗಿನ ಊರು, ಸಮತಟ್ಟು ಜಾಗ ಅಂದರೆ ಗುಡ್ಡ ಕಡಿದು ಮಾಡಿದ್ದು, ಇಲ್ಲವೇ ಗದ್ದೆ. ಇದೆಲ್ಲ ನಿಜ. ಆದರೆ ಅದೇ ಮಳೆ, ಅದೇ ಗುಡ್ಡ ಗಂಡುಮಕ್ಕಳಿಗೆ ಯಾಕೆ ಅಡ್ಡಿಯಾಗುವುದಿಲ್ಲ? ನರೇಗಾದಲ್ಲಿ ಶಾಲೆಯ ಆಟದ ಮೈದಾನ ಸಮತಟ್ಟು ಮಾಡಿದ್ದನ್ನು ನಾನೇ ಹಲವು ಸಲ ವರದಿ ಮಾಡಿದ್ದೇನೆ, ಪಂಚಾಯತ್ ಅಧ್ಯಕ್ಷರು ತೆಂಗಿನಕಾಯಿ ಒಡೆಯುವ ಫೋಟೊ ಸಹಿತ. ಆರು ತಿಂಗಳು ಬಿಟ್ಟು ಒಂದು ಆದಿತ್ಯವಾರ ಆ ದಾರಿಯಲ್ಲಿ ಹೋಗಿ ನೋಡಿ. ಮೈದಾನ ತುಂಬ ಅಂಡರ್ ಆರ್ಮ್ ಕ್ರಿಕೆಟ್. ಅದೇ ಶಾಲೆಯ ಹುಡುಗಿಯರು ಅಂಗಡಿಗೆ ಹಾಲಿಗೆ ಹೋಗುವವರು ಮೈದಾನದ ಬದಿ ಹಿಡಿದು ತಲೆ ತಗ್ಗಿಸಿ ದಾಟುತ್ತಾರೆ. ಹೆಣ್ಣು ಕೂಲಿಯಾಳುಗಳೂ ಮಣ್ಣು ಹೊತ್ತು ಮಾಡಿದ ಮೈದಾನ ಅದು, ನೆನಪಿರಲಿ.

ಪುತ್ತೂರು ಪೇಟೆಯಲ್ಲಿ ಈಗ ಟರ್ಫ್‌ಗಳು ಬಂದಿವೆ. ರಾತ್ರಿ ಹನ್ನೊಂದಾದರೂ ಲೈಟು ಆರುವುದಿಲ್ಲ. ಗಂಟೆಯ ಬಾಡಿಗೆ ಹಂಚಿಕೊಂಡು ಹುಡುಗರು ಆಡುತ್ತಾರೆ, ಆಡಲಿ. ನಾನು ಹೋದಾಗೆಲ್ಲ ಅಲ್ಲಿ ಕಂಡ ಹೆಣ್ಣು ಅಂದರೆ ಅಣ್ಣನನ್ನು ಕರೆಯಲು ಬಂದ ತಂಗಿ.

ಇನ್ನು ಊರಿನ ಕೂಟಗಳು. ಯುವಕ ಮಂಡಲದ ವಾರ್ಷಿಕೋತ್ಸವ, ಜಾತಿ ಸಂಘದ ಕ್ರೀಡಾಕೂಟ, ಕೆಸರುಗದ್ದೆ ಆಟ, ಯಾವುದರ ಆಮಂತ್ರಣ ಪತ್ರಿಕೆಯಾದರೂ ತೆಗೆದು ನೋಡಿ. ಪುರುಷರಿಗೆ ವಾಲಿಬಾಲ್, ಕಬಡ್ಡಿ, ಹಗ್ಗಜಗ್ಗಾಟ. ಮಹಿಳೆಯರಿಗೆ ತ್ರೋಬಾಲ್, ಹಗ್ಗಜಗ್ಗಾಟ, ಸಂಗೀತ ಕುರ್ಚಿ, ಲಿಂಬೆ ಚಮಚ. ಬಹುಮಾನದ ಮೊತ್ತ ನೋಡಿ, ಗಂಡಸರ ಕಬಡ್ಡಿಗೆ ಒಂದು, ಹೆಂಗಸರ ತ್ರೋಬಾಲ್‌ಗೆ ಅದರ ಕಾಲು ಭಾಗ. ತೋಟದ ಕೆಲಸ, ಹಟ್ಟಿ ಕೆಲಸ ಮುಗಿಸಿ ಬಂದ, ಐವತ್ತು ಕಿಲೋ ಅಡಿಕೆ ಗೋಣಿಯ ಒಂದು ತುದಿ ಹಿಡಿದು ಜೀಪಿಗೆ ಹಾಕುವ ಹೆಂಗಸಿಗೆ ನಾವು ಕೊಡುವ ಆಟ, ಬಾಯಲ್ಲಿ ಚಮಚ ಕಚ್ಚಿ ಲಿಂಬೆಹಣ್ಣು ಬೀಳದ ಹಾಗೆ ನಡೆಯುವುದು. ಇದರ ತಮಾಷೆ ನಮಗೆ ಯಾರಿಗೂ ಹೊಳೆಯುವುದಿಲ್ಲ.

ತ್ರೋಬಾಲ್ ಆಡುವವರ ಮೇಲೆ ನನಗೆ ಸಿಟ್ಟಿಲ್ಲ, ನನ್ನ ಅಕ್ಕನೂ ಆಡಿದವಳೇ. ಆದರೆ ಕೇಳಬೇಕಾದ್ದು ಕೇಳುತ್ತೇನೆ. ಒಲಿಂಪಿಕ್ಸಿನಲ್ಲಿ ಇಲ್ಲದ, ಏಷ್ಯನ್ ಗೇಮ್ಸಿನಲ್ಲಿ ಇಲ್ಲದ ಒಂದು ಆಟವನ್ನೇ ಹೆಣ್ಣುಮಕ್ಕಳ ಆಟ ಅಂತ ನಾವು ಆರಿಸಿದ್ದು ಯಾಕೆ? ಮೈಗೆ ಮೈ ತಾಗುವುದಿಲ್ಲ, ಬೀಳುವುದಿಲ್ಲ, ಉದ್ದ ಓಟವಿಲ್ಲ, ಚೂಡಿದಾರದಲ್ಲೇ ಆಡಬಹುದು. ಆಟ ಚೆನ್ನಾಗಿದೆ ಎಂದು ಆರಿಸಿದ್ದಲ್ಲ, ನೋಡುವವರಿಗೆ ಮುಜುಗರವಾಗದಿರಲಿ ಎಂದು. ಕಬಡ್ಡಿಯಲ್ಲಿ ಮೈ ತಾಗುತ್ತದೆ, ಆದರೂ ಪಕ್ಕದ ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ ಭಾರತ ತಂಡದ ನಾಯಕಿಯಾಗಿ 2014ರಲ್ಲಿ ಅರ್ಜುನ ಪ್ರಶಸ್ತಿ ತಂದರು. ಆಕೆ ಗೆದ್ದ ಮೇಲೆ ಎಲ್ಲರೂ ಹೂಹಾರ ಹಿಡಿದು ಬಂದರು. ಅದಕ್ಕೆ ಮೊದಲು ಚಡ್ಡಿ ಹಾಕಿ ಆಡುವ ಹುಡುಗಿಯರ ಬಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಏನೇನು ಆಡಿಕೊಳ್ಳುತ್ತಿದ್ದರು ಎಂದು ಆ ಕಾಲದ ಆಟಗಾರ್ತಿಯರನ್ನು ಕೇಳಬೇಕು.

"ಹುಡುಗಿಯರಿಗೇ ಆಸಕ್ತಿ ಇಲ್ಲ" ಎಂಬುದು ಇನ್ನೊಂದು ಮಾತು. ಬಾಲವನದ ಈಜುಕೊಳ ನೋಡಿ. ಕಾರಂತಜ್ಜನ ಜಾಗದಲ್ಲಿ ಒಂದು ಕೊಳ, ನೀರು, ಕಲಿಸುವವರು. ಅಷ್ಟಾದ ಮೇಲೆ ಪುತ್ತೂರಿನ ಮಕ್ಕಳು ರಾಜ್ಯ, ರಾಷ್ಟ್ರ ಮಟ್ಟದ ಈಜಿಗೆ ಹೋದರು, ಹುಡುಗಿಯರೂ ಹೋದರು. ಆಸಕ್ತಿ ಕೊಳದ ಮೊದಲು ಇತ್ತೇ? ಇರಲು ಹೇಗೆ ಸಾಧ್ಯ? ನೀರು ಕಾಣದೆ ಈಜಿನ ಆಸೆ ಯಾರಿಗೂ ಹುಟ್ಟುವುದಿಲ್ಲ.

ಫುಟ್ಬಾಲೇ ಯಾಕೆ ಅಂದರೆ, ಅದು ನಮಗೆ ದೂರದ ಆಟವಲ್ಲ. ಸುಳ್ಯದ ಜಾಲ್ಸೂರಿನಿಂದ ಗಡಿ ದಾಟಿದರೆ ಕಾಸರಗೋಡು, ಸೆವೆನ್ಸ್ ಫುಟ್ಬಾಲಿಗೆ ಊರಿಗೆ ಊರೇ ಸೇರುವ ಜಿಲ್ಲೆ. ವಿಶ್ವಕಪ್ ಬಂದರೆ ನಮ್ಮ ಪೇಟೆಗಳಲ್ಲೂ ಅರ್ಜೆಂಟೀನಾ, ಬ್ರೆಜಿಲ್ ಎಂದು ಫ್ಲೆಕ್ಸ್ ಏಳುತ್ತದೆ. ಇನ್ನೂ ಕೆಳಗೆ ಹೋದರೆ ಕೋಯಿಕ್ಕೋಡ್. 1980ರ ಜನವರಿಯಲ್ಲಿ ಏಷ್ಯಾದ ಮಹಿಳಾ ಫುಟ್ಬಾಲ್ ಚಾಂಪಿಯನ್‌ಷಿಪ್ ನಡೆದದ್ದು ಅಲ್ಲೇ. ಭಾರತದ ಹುಡುಗಿಯರು ಫೈನಲಿಗೆ ಹೋಗಿ ಚೈನೀಸ್ ತೈಪೆಗೆ ಸೋತು ಎರಡನೇ ಸ್ಥಾನ ಪಡೆದರು. 1983ರಲ್ಲಿ ಮತ್ತೆ ಎರಡನೇ ಸ್ಥಾನ. ಅದೇ ವರ್ಷ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಆ ದಶಕದಲ್ಲಿ ನಮ್ಮದೇ ರಾಜ್ಯದ ಚಿತ್ರಾ ಗಂಗಾಧರನ್ ಭಾರತದ ಗೋಲ್‌ಕೀಪರ್. ಲೆಕ್ಕ ಹಾಕಿ: ಐಸ್‌ಲ್ಯಾಂಡ್ ತನ್ನ ಮೊದಲ ಪಂದ್ಯ ಆಡುವುದಕ್ಕೂ ಒಂದು ವರ್ಷ ಮೊದಲು ಭಾರತದ ಹುಡುಗಿಯರು ಏಷ್ಯಾದ ಫೈನಲ್ ಆಡಿದ್ದರು. ಅದೂ ನಾವು ಒಂದೇ ಹಗಲಲ್ಲಿ ರೈಲಲ್ಲಿ ಹೋಗಿ ಬರಬಹುದಾದ ಊರಲ್ಲಿ. ಅಲ್ಲಿಂದ ಮುಂದೆ ಅವರು ಎಲ್ಲಿಗೆ ಹೋದರು, ನಾವು ಎಲ್ಲಿ ಉಳಿದೆವು!

2022ರ ಜನವರಿಯಲ್ಲಿ ಏಷ್ಯಾ ಕಪ್ ನಮ್ಮಲ್ಲೇ ನಡೆಯಿತು. ತಂಡದೊಳಗೆ ಕೋವಿಡ್ ಹರಡಿ, ಪಂದ್ಯಕ್ಕೆ ಇಳಿಸಲು ಆಟಗಾರ್ತಿಯರೇ ಸಾಲದೆ, ಭಾರತ ಹಿಂದೆ ಸರಿದಂತೆ ಎಂದು ಪರಿಗಣಿಸಿ ಕೂಟದಿಂದ ಹೊರಗಿಟ್ಟರು. ಆಮೇಲೆ 2025ರ ಜುಲೈ 5, ಥಾಯ್ಲೆಂಡಿನ ಚಿಯಾಂಗ್ ಮಾಯ್‌ಯಲ್ಲಿ ಥಾಯ್ಲೆಂಡಿಗೇ 2-1 ಸೋಲುಣಿಸಿ 2026ರ ಏಷ್ಯಾ ಕಪ್‌ಗೆ ಅರ್ಹತೆ ಪಡೆದರು. ಅರ್ಹತಾ ಸುತ್ತು ಆಡಿ ಗೆದ್ದು ಅಲ್ಲಿಗೆ ಹೋದದ್ದು ಇದೇ ಮೊದಲು. ಎರಡೂ ಗೋಲು ಬಂಗಾಳದ ಸಂಗೀತಾ ಬಾಸ್‌ಫೋರ್ ಅವರದ್ದು. ಆ ರಾತ್ರಿ ನಮ್ಮ ಎಷ್ಟು ಮಂದಿಯ ವಾಟ್ಸ್ಯಾಪ್ ಸ್ಟೇಟಸ್‌ನಲ್ಲಿ ಅದು ಇತ್ತು? ನವೆಂಬರಿನಲ್ಲಿ ಹರ್ಮನ್‌ಪ್ರೀತ್ ತಂಡ ಕ್ರಿಕೆಟ್ ವಿಶ್ವಕಪ್ ಗೆದ್ದಾಗ ಎಲ್ಲರದ್ದರಲ್ಲೂ ಇತ್ತು, ನನ್ನದರಲ್ಲೂ. ಸಂಗೀತಾ ಬಗ್ಗೆ ನಾಲ್ಕು ಸಾಲು ಬರೆಯೋಣವೆಂದು ಡೆಸ್ಕಿಗೆ ಫೋನ್ ಮಾಡಿದೆ. "ಲೋಕಲ್ ಎಂಗಲ್ ಎಂತ?" ಅಂದರು.

ಲೋಕಲ್ ಎಂಗಲ್ ಇಲ್ಲ ಎಂಬುದೇ ಲೋಕಲ್ ಎಂಗಲ್, ಎಂದು ಆಗ ಬಾಯಿಗೆ ಬರಲಿಲ್ಲ.

ರಾಜ್ಯದ ಕತೆಯೂ ಅಷ್ಟೇ. ಕರ್ನಾಟಕದಲ್ಲಿ ಹೆಣ್ಣುಮಕ್ಕಳ ಫುಟ್ಬಾಲ್ ಇಲ್ಲವೆಂದಲ್ಲ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ 2023ರ ಮೇ ತಿಂಗಳಲ್ಲಿ ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್ ಆಡಿ ಗೋಕುಲಂ ಕೇರಳಕ್ಕೆ ಸೋತಿತು. ಒಳ್ಳೆಯದೇ. ಆದರೆ ಕಡಬದ ಹುಡುಗಿಗೆ ಬೆಂಗಳೂರು ಶಿರಾಡಿ ಘಾಟಿಯ ಆಚೆ, ರಾತ್ರಿ ಬಸ್ಸಿನ ಊರು. ಅಲ್ಲಿಗೆ ಹೋಗುವ ಮೊದಲು ಆಕೆಗೆ ತನ್ನ ತಾಲೂಕಿನಲ್ಲಿ ಆಡಲು ಎದುರಾಳಿ ತಂಡವೊಂದು ಬೇಕಲ್ಲ? ಮಣಿಪುರದ ಜನಸಂಖ್ಯೆ 2011ರಲ್ಲಿ 28 ಲಕ್ಷ ಚಿಲ್ಲರೆ, ನಮ್ಮ ದಕ್ಷಿಣ ಕನ್ನಡದ್ದು 20 ಲಕ್ಷ 89 ಸಾವಿರ. ಮಹಿಳಾ ಫುಟ್ಬಾಲಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನು ಅತಿ ಹೆಚ್ಚು ಸಲ, ಇಪ್ಪತ್ತಕ್ಕೂ ಹೆಚ್ಚು ಸಲ ಗೆದ್ದದ್ದು ಮಣಿಪುರ. 2020ರಲ್ಲಿ ಪದ್ಮಶ್ರೀ ಪಡೆದ ಬೆಂಬೆಂ ದೇವಿ ಅಲ್ಲಿನವರು. ಅಲ್ಲೇನು ದುಡ್ಡಿನ ಹೊಳೆ ಹರಿಯುತ್ತಿದೆಯೇ? ಐಸ್‌ಲ್ಯಾಂಡ್ ಬೇಡವೆನ್ನುವವರು ಮಣಿಪುರಕ್ಕೆ ಉತ್ತರ ಕೊಡಲಿ.

ನಮ್ಮಲ್ಲಿ ಹುಡುಗಿಯ ಆಟ ನಿಲ್ಲುವುದು ಯಾವುದೋ ದೊಡ್ಡ ಕಾರಣಕ್ಕಲ್ಲ, ಐದೂವರೆಯ ಬಸ್ಸಿಗೆ. ಶಾಲೆ ಬಿಟ್ಟು ಅರ್ಧ ಗಂಟೆ ಆಡಿದರೆ ಆ ಬಸ್ಸು ತಪ್ಪುತ್ತದೆ, ಮುಂದಿನದ್ದು ಬರುವಾಗ ಕತ್ತಲೆ. ಬಸ್ಸಿಳಿದ ಮೇಲೆ ಮನೆಗೆ ತೋಟದ ದಾರಿಯಲ್ಲಿ ಒಂದೆರಡು ಕಿಲೋಮೀಟರ್ ನಡೆಯಬೇಕು. ಹುಡುಗನಾದರೆ ಯಾರದೋ ಬೈಕಿನ ಹಿಂದೆ ಕೂತು ಹೋಗುತ್ತಾನೆ. ಹಾಗೆ ಅವಳು ಹೋದರೆ ಮರುದಿನ ಸುದ್ದಿ. ಈಗಂತೂ ಬೈಕಿನಲ್ಲಿದ್ದವನು ಯಾರು, ಯಾವ ಧರ್ಮದವನು ಎಂದು ತಡೆದು ನಿಲ್ಲಿಸಿ ಕೇಳುವವರೂ ಇದ್ದಾರೆ. ಆ ಭಯವನ್ನು ಹುಟ್ಟಿಸಿದವರೇ ವೇದಿಕೆಯಲ್ಲಿ ಮಾತೃಶಕ್ತಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಅಳಿಯಕಟ್ಟಿನ ನಾಡು, ಹೆಣ್ಣಿಗೆ ಆಸ್ತಿ ಕೊಟ್ಟ ನಾಡು ಎಂಬ ಹೆಮ್ಮೆಯ ಭಾಷಣ ಬೇರೆ. ಆಸ್ತಿ ಕೊಟ್ಟ ನಾಡಿಗೆ ಅರ್ಧ ಗಂಟೆ ಮೈದಾನ ಕೊಡಲು ಏನು ಕಷ್ಟ?

ಇನ್ನು ಪಿ.ಟಿ. ಮಾಸ್ಟ್ರು. ಅವರೇ ಇಲ್ಲದ ಶಾಲೆ ಬೇಕಾದಷ್ಟು. ಇದ್ದ ಕಡೆಯೂ ಅವರಿಗೆ ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ, ಗಣತಿ. ಹೆಣ್ಣು ಪಿ.ಟಿ. ಟೀಚರ್ ಇದ್ದರೆ ಅದು ಅದೃಷ್ಟ. ಮುಟ್ಟಿನ ದಿನ ಆಡುವುದೋ ಬೇಡವೋ ಎಂದು ಹದಿಮೂರರ ಹುಡುಗಿ ಗಂಡಸು ಮಾಸ್ಟ್ರ ಹತ್ತಿರ ಹೇಗೆ ಕೇಳುತ್ತಾಳೆ? ಕೇಳುವುದಿಲ್ಲ, ತಲೆನೋವು ಎಂದು ಬದಿಗೆ ಕೂರುತ್ತಾಳೆ. ಎರಡು ಸಲ ಕೂತವಳನ್ನು ಮೂರನೇ ಸಲ ತಂಡಕ್ಕೆ ಕರೆಯುವುದಿಲ್ಲ.

ಇಲ್ಲಿ ಸಾರಾ ಬ್ಯೋರ್ಕ್ ಗುನ್ನರ್ಸ್‌ಡೋಟಿರ್ ನೆನಪಾಗುತ್ತಾರೆ. ಐಸ್‌ಲ್ಯಾಂಡಿನ ನಾಯಕಿಯಾಗಿದ್ದವರು. (ಅಲ್ಲಿ ಹೆಸರಿನ ಕೊನೆಯ 'ಡೋಟಿರ್' ಅಂದರೆ ಮಗಳು. ಗುನ್ನರ್ ಎಂಬವನ ಮಗಳು, ಅಷ್ಟೇ. ಮದುವೆಯಾದರೂ ಹೆಸರು ಬದಲಾಗುವುದಿಲ್ಲ.) 2020ರಲ್ಲಿ ಫ್ರಾನ್ಸಿನ ಲಿಯೋನ್ ಕ್ಲಬ್ಬಿಗೆ ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಗೋಲು ಹೊಡೆದವರು. ಮರುವರ್ಷ ಗರ್ಭಿಣಿಯಾದಾಗ ಕ್ಲಬ್ಬು ಸಂಬಳ ಪೂರ್ತಿ ಕೊಡಲಿಲ್ಲ. ಆಕೆ ಆಟಗಾರರ ಸಂಘದ ನೆರವಿನಿಂದ ಫಿಫಾದ ಮುಂದೆ ದೂರು ಕೊಟ್ಟು ಗೆದ್ದರು. ಬಾಕಿ ಸಂಬಳ ಕೊಡಬೇಕೆಂಬ ಆ ತೀರ್ಪು 2023ರ ಜನವರಿಯಲ್ಲಿ ಲೋಕಕ್ಕೆ ಗೊತ್ತಾಯಿತು. ಹೆಣ್ಣಿನ ಮೈಯ ಸಂಗತಿಯನ್ನು ಬಾಯಿಬಿಟ್ಟು ಹೇಳಿ, ಅದು ನನ್ನ ಕೆಲಸದ ಹಕ್ಕು ಎಂದು ಜಗಳಾಡಿದ ನಾಯಕಿ. ನಮ್ಮ ಹುಡುಗಿ ಹೊಟ್ಟೆನೋವು ಎಂಬುದನ್ನೇ ತಲೆನೋವು ಎನ್ನಬೇಕು.

ಐಸ್‌ಲ್ಯಾಂಡ್ ಸ್ವರ್ಗವೆಂದು ನಾನು ಹೇಳುತ್ತಿಲ್ಲ. 2021ರಲ್ಲಿ, ಗಂಡಸರ ತಂಡದವರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳನ್ನು ಮುಚ್ಚಿಟ್ಟರೆಂದು ಅಲ್ಲಿನ ಫುಟ್ಬಾಲ್ ಸಂಸ್ಥೆಯ ಆಡಳಿತ ಮಂಡಳಿಯೇ ರಾಜೀನಾಮೆ ಕೊಡಬೇಕಾಯಿತು. ಬಳಿಕ ಅಧ್ಯಕ್ಷೆಯಾಗಿ ಬಂದದ್ದು ವಾಂಡಾ ಸಿಗುರ್ಗೈರ್ಸ್‌ಡೋಟಿರ್, ಮಹಿಳಾ ತಂಡದ ಹಳೆಯ ಆಟಗಾರ್ತಿ. ನಮ್ಮ ಕ್ರೀಡಾ ಸಂಸ್ಥೆಗಳ ಪದಾಧಿಕಾರಿಗಳ ಪಟ್ಟಿಯಲ್ಲಿ ಹೆಣ್ಣು ಹೆಸರು ಹುಡುಕಿ, ಸಿಕ್ಕಿದರೆ ತಿಳಿಸಿ. ಹೆಚ್ಚಾಗಿ ಸಿಗುವುದು 'ಮಹಿಳಾ ಪ್ರತಿನಿಧಿ' ಎಂಬ ಖಾನೆಯಲ್ಲಿ, ಕೊನೆಯ ಸಾಲಿನಲ್ಲಿ.

ನಾನು ಕೇಳುತ್ತಿರುವುದು ಸೂರಿನ ಕ್ರೀಡಾಂಗಣವನ್ನಲ್ಲ. ಕೊಂಬೆಟ್ಟಿನ ತಾಲೂಕು ಕ್ರೀಡಾಂಗಣದಲ್ಲೂ ಸುಳ್ಯ, ಕಡಬದ ಶಾಲಾ ಮೈದಾನಗಳಲ್ಲೂ ವಾರಕ್ಕೆ ಎರಡು ಸಂಜೆ ಹುಡುಗಿಯರಿಗೆ ಎಂದು ಬೋರ್ಡು ಹಾಕಲಿ. ಆ ಎರಡು ದಿನ ಐದೂವರೆಯ ಬಸ್ಸು ಆರು ಗಂಟೆಗೆ ಹೊರಡಲಿ, ಡಿಪೋದಲ್ಲಿ ಕೇಳಿದರೆ ಆಗದ ಕೆಲಸವೇನಲ್ಲ, ಜಾತ್ರೆಗೆ ಸ್ಪೆಷಲ್ ಬಸ್ಸು ಬಿಡುವವರು ಅವರೇ. ಹೊನಲು ಬೆಳಕಿನ ಪಂದ್ಯಾಟ ಮಾಡುವ ಸಂಘಗಳು ಶಾಲು, ಸ್ಮರಣಿಕೆ, ಹಣ್ಣುಹಂಪಲಿನ ಬುಟ್ಟಿಗೆ ಮಾಡುವ ಖರ್ಚಿನಲ್ಲಿ ಹತ್ತು ಚೆಂಡು ತಂದು ಹತ್ತು ಶಾಲೆಗೆ ಕೊಡಲಿ. ಶಾಲು ಹೊದ್ದವರಲ್ಲಿ ಎಷ್ಟು ಮಂದಿ ಅದನ್ನು ಮನೆಯಲ್ಲಿ ಮತ್ತೆ ಹೊದೆಯುತ್ತಾರೆ? ನನ್ನ ಮನೆಯಲ್ಲೇ ಏಳು ಇವೆ, ಒಂದು ಇಸ್ತ್ರಿ ಮೇಜಿಗೆ ಹಾಸಿದೆ.

ಈ ಬ್ಲಾಗು ಓದುವವರಲ್ಲಿ ಹೆಚ್ಚಿನವರು ನನ್ನ ಹಾಗೆಯೇ ಕಾಲಂ ಸೆಂಟಿಮೀಟರಿಗೆ ಬರೆಯುವವರು, ಅದಕ್ಕೆ ನಮ್ಮ ಮಾತೂ ಆಗಲಿ. ಕ್ರೀಡಾಕೂಟದ ವರದಿಯಲ್ಲಿ ನಾವು ಅಧ್ಯಕ್ಷತೆ ವಹಿಸಿದವರ, ಉದ್ಘಾಟಿಸಿದವರ, ಸ್ವಾಗತಿಸಿದವರ, ವಂದಿಸಿದವರ ಹೆಸರೆಲ್ಲ ಬರೆಯುತ್ತೇವೆ. ಆಡಿದವರ ಹೆಸರು ಬರೆಯುವುದಿಲ್ಲ. ಹೆಣ್ಣುಮಕ್ಕಳದ್ದಾದರೆ 'ಬಾಲಕಿಯರ ವಿಭಾಗದಲ್ಲಿ' ಎಂದು ಒಂದು ಸಾಲು. ಎಷ್ಟು ತಂಡ ಬಂದಿತ್ತು, ಎಷ್ಟು ಗೋಲು, ಯಾರು ಹೊಡೆದದ್ದು, ಏನೂ ಇಲ್ಲ. ಬರೆಯದ್ದು ಇಲಾಖೆಗೆ ಕಾಣುವುದಿಲ್ಲ. ಕಾಗದದ ಮೇಲೆ ಪ್ರತಿ ವರ್ಷ ನಮ್ಮ ತಾಲೂಕುಗಳಲ್ಲಿ ಬಾಲಕಿಯರ ಫುಟ್ಬಾಲ್ ಪಂದ್ಯಾಟ ಯಶಸ್ವಿಯಾಗಿ ನಡೆಯುತ್ತಿದೆ, ನನ್ನ ವರದಿಯೇ ಅದಕ್ಕೆ ಸಾಕ್ಷಿ.

ಆ ಹುಡುಗಿ ಈಗ ಪಿಯುಸಿಯಲ್ಲಿದ್ದಾಳೆ. ಮೊನ್ನೆ ಪೇಟೆಯಲ್ಲಿ ಸಿಕ್ಕಿದಳು, ಆಟ ಉಂಟಾ ಎಂದು ಕೇಳಿದೆ. "ಇಲ್ಲ ಸರ್, ಕಾಲೇಜಿನಲ್ಲಿ ಹುಡುಗಿಯರದ್ದು ಟೀಮೇ ಇಲ್ಲ," ಅಂದಳು. ಅವಳ ತಂಗಿ ಈಗ ಎಂಟನೇ ತರಗತಿ, ಗೋಲ್‌ಕೀಪರ್ ಅಂತೆ. ಬರುವ ಆಗಸ್ಟಿನಲ್ಲಿ ತಾಲೂಕು ಮಟ್ಟದ ಪಂದ್ಯಾಟ ಬರುತ್ತದೆ, ನಾನು ಹೋಗುತ್ತೇನೆ. ಬಂದ ತಂಡ ಒಂದೇ ಆದರೆ ಒಂದೇ ಎಂದು ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಡೆಸ್ಕಿನವರು ಕತ್ತರಿಸಿದರೆ ಅದೇ ದಿನ ಸಂಜೆ ಇಲ್ಲಿ ಹಾಕುತ್ತೇನೆ.